ಕರಾರು ಹೆಡರ್‌ನಲ್ಲಿರಲಿ: ಹಲವು ಫೈಲುಗಳ ಸಿ ಪ್ರೋಗ್ರಾಮನ್ನು ಸಾಧಿಸಿದ ಬಗೆ

ಒಂದೇ ಫೈಲಿನಲ್ಲಿರುವ ಪುಟ್ಟ ಸಿ ಫಂಕ್ಷನ್ ಸರಿಯಾಗಿದೆ ಎಂದು ಗಣಿತದ ರೀತಿಯಲ್ಲಿ ಸಾಧಿಸುವುದನ್ನು ಕಲಿಸುವ ಪಾಠಗಳು ಬೇಕಾದಷ್ಟಿವೆ. ಅದೇ ಕೆಲಸವನ್ನು ಏಳೆಂಟು ಫೈಲುಗಳ ಪ್ರೋಗ್ರಾಮಿಗೆ ಮಾಡಹೊರಟಾಗ, ಯಾವ ಷರತ್ತನ್ನು ಎಲ್ಲಿ ಬರೆಯಬೇಕು, ಯಾವ ಫೈಲು ಯಾರನ್ನು ನಂಬಬೇಕು ಎಂಬ ಪ್ರಶ್ನೆಗಳೇ ಸಾಧನೆಗಿಂತ ಹೆಚ್ಚು ಕಾಡುತ್ತವೆ. ಸೆನ್ಸರ್ ಸಾಧನವೊಂದರ ಸಂದೇಶಗಳನ್ನು ಓದಿ, ಸಾಲಿನಲ್ಲಿಟ್ಟು, ಮುಂದಕ್ಕೆ ಕಳುಹಿಸುವ ಪ್ರೋಗ್ರಾಮಿನ ಮೇಲೆ ಹಲವು ತಿಂಗಳು ಕೆಲಸ ಮಾಡಿದ ಮೇಲೆ ಇದರಲ್ಲಿ ನನಗೊಂದು ಕ್ರಮ ಸಿಕ್ಕಿದೆ.

ನಾನು ಬಳಸಿದ ಉಪಕರಣ ಫ್ರಾಮಾ-ಸಿ. ಫ್ರಾನ್ಸಿನ ಸಿಇಎ ಮತ್ತು ಇನ್ರಿಯಾ ಸಂಸ್ಥೆಗಳಲ್ಲಿ ರೂಪುಗೊಂಡ ಇದರಲ್ಲಿ ಫಂಕ್ಷನ್‌ನ ಕರಾರನ್ನು ಎಸಿಎಸ್‌ಎಲ್ ಎಂಬ ಭಾಷೆಯಲ್ಲಿ, ಕಾಮೆಂಟಿನ ರೂಪದಲ್ಲಿ ಬರೆಯಬೇಕು: ಕರೆಯುವವರು ಏನನ್ನು ಖಾತರಿಪಡಿಸಬೇಕು ಎಂಬುದಕ್ಕೆ ‘ರಿಕ್ವೈರ್ಸ್’, ಫಂಕ್ಷನ್ ಏನನ್ನು ಮರಳಿ ಖಾತರಿಪಡಿಸುತ್ತದೆ ಎಂಬುದಕ್ಕೆ ‘ಎನ್ಶೂರ್ಸ್’, ಮೆಮೊರಿಯ ಯಾವ ಭಾಗವನ್ನು ಬದಲಿಸುತ್ತದೆ ಎಂಬುದಕ್ಕೆ ‘ಅಸೈನ್ಸ್’. ಇದರ ಡಬ್ಲ್ಯುಪಿ ಎಂಬ ಪ್ಲಗಿನ್, 1975ರಲ್ಲಿ ಗಣಕ ವಿಜ್ಞಾನಿ ಡೈಕ್‌ಸ್ಟ್ರಾ ಮಂಡಿಸಿದ ಅತಿ ದುರ್ಬಲ ಪೂರ್ವಷರತ್ತಿನ (ಬೇಕಾದ ಫಲ ಸಿಗಲು ಮೊದಲೇ ನಿಜವಾಗಿರಬೇಕಾದ ಕನಿಷ್ಠ ಷರತ್ತು) ಲೆಕ್ಕವನ್ನು ಆಧರಿಸಿ ಪ್ರಮೇಯಗಳನ್ನು ಹುಟ್ಟಿಸಿ, ಆಲ್ಟ್-ಎರ್ಗೊದಂಥ ಸಾಧಕ ತಂತ್ರಾಂಶಗಳಿಗೆ ಒಪ್ಪಿಸುತ್ತದೆ. ನಮಗೆ ಮುಖ್ಯವಾದ ಸಂಗತಿಯೆಂದರೆ, ಒಂದು ಫಂಕ್ಷನ್ ಮತ್ತೊಂದನ್ನು ಕರೆದಾಗ ಡಬ್ಲ್ಯುಪಿ ಆ ಮತ್ತೊಂದರ ಒಡಲನ್ನು, ಅಂದರೆ ಒಳಗಿನ ಕೋಡನ್ನು, ನೋಡುವುದೇ ಇಲ್ಲ. ಅದರ ಕರಾರನ್ನಷ್ಟೇ ನಂಬುತ್ತದೆ. ಫೈಲುಗಳನ್ನು ಬಿಡಿಬಿಡಿಯಾಗಿ ಸಾಧಿಸಲು ಸಾಧ್ಯವಾಗುವುದು ಇದರಿಂದಲೇ.

ಬೇರೆ ದಾರಿಯೂ ಇದೆ. 2009ರಲ್ಲಿ ಸಾಧನೆ ಪೂರ್ಣಗೊಂಡ ಎಸ್‌ಇಎಲ್4 ಎಂಬ ಕರ್ನಲ್‌ನಲ್ಲಿ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸುಮಾರು 8,700 ಸಾಲುಗಳ ಸಿ ಕೋಡ್ ಇತ್ತು. ಅದರ ಫೈಲುಗಳನ್ನೆಲ್ಲ ಒಂದೇ ಫೈಲಾಗಿ ಜೋಡಿಸಿ ಇಸಾಬೆಲ್ ಎಂಬ ಸಾಧಕ ವ್ಯವಸ್ಥೆಗೆ ಓದಿಸುತ್ತಾರೆ. ಎಲ್ಲ ಭಾಗಗಳೂ ಒಂದೇ ಜಾಗತಿಕ ಸ್ಥಿತಿಯನ್ನು ಮುಟ್ಟುವ ಕರ್ನಲ್‌ಗೆ ಅದು ತಕ್ಕ ದಾರಿ. ನನ್ನದರಂತೆ ಪ್ರತಿ ವಾರ ಬದಲಾಗುವ ಪ್ರೋಗ್ರಾಮಿಗೆ ಫೈಲಿನಿಂದ ಫೈಲಿಗೆ ಹೋಗುವುದೇ ಲೇಸು: ಒಡಲು ಬದಲಾದರೆ ಆ ಒಂದು ಫೈಲನ್ನು ಮತ್ತೆ ಸಾಧಿಸಿದರೆ ಸಾಕು, ಹೆಡರ್‌ನ (ಫಂಕ್ಷನ್‌ಗಳ ಘೋಷಣೆಯನ್ನು ಬೇರೆ ಫೈಲುಗಳಿಗೆ ತಿಳಿಸುವ ಫೈಲು) ಕರಾರು ಬದಲಾದರೆ ಮಾತ್ರ ಅದನ್ನು ಬಳಸುವವರೆಲ್ಲರನ್ನೂ ಮತ್ತೆ ಸಾಧಿಸಬೇಕು. ಕಂಪೈಲ್ ಮಾಡಲು ಬರೆದಿಟ್ಟ ಮೇಕ್‌ಫೈಲಿನ ಅವಲಂಬನೆಗಳೇ ಇದಕ್ಕೂ ಒದಗುತ್ತವೆ.

ಈ ಕ್ರಮದ ಅಪಾಯವನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಸಂದೇಶಗಳ ಸಾಲನ್ನು ನೋಡಿಕೊಳ್ಳುವ ಫೈಲಿನಲ್ಲಿ, ಹೊಸ ಸಂದೇಶವನ್ನು ಸೇರಿಸುವ ಫಂಕ್ಷನ್‌ಗೆ ‘ಸಾಲಿನಲ್ಲಿ ಜಾಗವಿರಬೇಕು’ ಎಂಬ ಪೂರ್ವಷರತ್ತಿತ್ತು. ಮುಂದೆ ಅದನ್ನು ಸಡಿಲಿಸಿ, ಜಾಗವಿಲ್ಲದಿದ್ದರೆ ಸೊನ್ನೆಯನ್ನು ಹಿಂದಿರುಗಿಸುತ್ತದೆ ಎಂದು ಹೆಡರ್‌ನಲ್ಲಿ ಬರೆದೆ. ಆದರೆ ಆ ಸಿ ಫೈಲು ತನ್ನದೇ ಹೆಡರನ್ನು ಒಳಗೊಂಡಿರಲಿಲ್ಲ. ಹಳೆಯ ಕರಾರಿನ ಒಂದು ನಕಲು ಆ ಫಂಕ್ಷನ್‌ನ ತಲೆಯ ಮೇಲೆ ಹಾಗೇ ಉಳಿದಿತ್ತು. ಕರೆಯುವ ಫೈಲುಗಳು ಹೊಸ ಕರಾರನ್ನು ನಂಬಿ ಸಾಧಿತವಾದವು, ಒಡಲು ಹಳೆಯ ಕರಾರಿಗೆ ತಕ್ಕಂತೆ ಸಾಧಿತವಾಯಿತು, ಎಲ್ಲವೂ ಹಸಿರಾಗಿ ಕಂಡಿತು. ಬೋರ್ಡಿನ ಮೇಲೆ ಸಾಲು ತುಂಬಿದಾಗ ಮಾತ್ರ ಹಳೆಯ ಸಂದೇಶಗಳು ಅಳಿಸಿಹೋದವು. ಸಾಧನೆ ಮುಗಿದಿದೆ ಎಂದು ಜೊತೆಯವರಿಗೆ ಹೇಳಿಬಿಟ್ಟಿದ್ದರಿಂದ ಇದು ನನ್ನನ್ನು ಬಹಳ ನೋಯಿಸಿತು.

ಅಂದಿನಿಂದ ಕರಾರು ಹೆಡರ್‌ನಲ್ಲಿ ಮಾತ್ರ ಇರುತ್ತದೆ, ಮತ್ತು ಪ್ರತಿ ಸಿ ಫೈಲಿನ ಮೊದಲ ಸಾಲು ತನ್ನ ಹೆಡರನ್ನೇ ಒಳಗೊಳ್ಳುತ್ತದೆ. ಮೊದಲೇ ಘೋಷಣೆಯಾಗದ ಸಾರ್ವಜನಿಕ ಫಂಕ್ಷನ್ ಕಂಡರೆ ಎಚ್ಚರಿಸುವ, ಜಿಸಿಸಿ ಎಂಬ ಕಂಪೈಲರಿನ ‘ಮಿಸ್ಸಿಂಗ್-ಪ್ರೋಟೊಟೈಪ್ಸ್’ ಸೂಚನೆಯನ್ನು ದೋಷವೆಂದೇ ಪರಿಗಣಿಸುವಂತೆ ಮಾಡಿದ್ದೇನೆ. ದಿನಕ್ಕೊಮ್ಮೆ ಎಲ್ಲ ಫೈಲುಗಳನ್ನೂ ಒಟ್ಟಿಗೆ ಫ್ರಾಮಾ-ಸಿಗೆ ಕೊಟ್ಟು ಓದಿಸುವುದೂ ಉಂಟು.

ಕರಾರಿನ ಮೂರು ಭಾಗಗಳಲ್ಲಿ ಹೆಚ್ಚು ಯೋಚನೆ ಬೇಡುವುದು ‘ಅಸೈನ್ಸ್’. ಅದನ್ನು ಬರೆಯದಿದ್ದರೆ ಫಂಕ್ಷನ್ ಏನನ್ನು ಬೇಕಾದರೂ ಬದಲಿಸಬಹುದೆಂದು ಡಬ್ಲ್ಯುಪಿ ಭಾವಿಸುವುದರಿಂದ, ಆ ಒಂದು ಕರೆಯಾದೊಡನೆ ಕರೆದವರಿಗೆ ಅಲ್ಲಿಯವರೆಗೆ ತಿಳಿದಿದ್ದೆಲ್ಲ ಅಳಿಸಿಹೋಗುತ್ತದೆ. ಬರೆಯಲು ಹೋದರೆ ಇನ್ನೊಂದು ತೊಡಕು: ಬದಲಾಗುವ ವೇರಿಯಬಲ್ ಸಿ ಫೈಲಿನೊಳಗೆ ‘ಸ್ಟ್ಯಾಟಿಕ್’ ಆಗಿ ಅಡಗಿದ್ದರೆ ಹೆಡರ್‌ನಲ್ಲಿ ಅದರ ಹೆಸರೆತ್ತುವಂತಿಲ್ಲ. ನಾನು ಇಂಥ ವೇರಿಯಬಲ್‌ಗಳನ್ನೆಲ್ಲ ಒಂದು ಸ್ಟ್ರಕ್ಟ್‌ಗೆ (ಹಲವು ವೇರಿಯಬಲ್‌ಗಳ ಕಟ್ಟು) ಸೇರಿಸಿ, ಅದರ ಪಾಯಿಂಟರನ್ನು (ಮೆಮೊರಿ ವಿಳಾಸ) ಪ್ರತಿ ಫಂಕ್ಷನ್‌ಗೂ ಕೊಡುವಂತೆ ಬದಲಿಸಿದೆ. ಆ ಸ್ಟ್ರಕ್ಟ್ ಸುಸ್ಥಿತಿಯಲ್ಲಿದೆ ಎನ್ನುವುದಕ್ಕೆ ಹೆಡರ್‌ನಲ್ಲೇ ಹೆಸರುಳ್ಳ ಪ್ರೆಡಿಕೇಟ್ (ನಿಜವೋ ಸುಳ್ಳೋ ಆಗುವ ಹೇಳಿಕೆ) ಒಂದನ್ನು ಬರೆದು, ಎಲ್ಲ ಫಂಕ್ಷನ್‌ಗಳೂ ಅದನ್ನು ಪಡೆದು, ಅದನ್ನೇ ಮರಳಿಸುವಂತೆ ಮಾಡಿದೆ. ಸ್ಟ್ರಕ್ಟ್‌ನ ಒಳಗು ಎಲ್ಲರಿಗೂ ಕಾಣುತ್ತದೆ ಎಂಬುದು ನಿಜವಾದ ನಷ್ಟ. ಆದರೂ ಗುಟ್ಟಾದ ಸ್ಥಿತಿಗಿಂತ ಹೇಳಿಕೊಳ್ಳಬಹುದಾದ ಸ್ಥಿತಿ ನನಗೆ ಮೇಲೆನಿಸುತ್ತದೆ.

ಪಾಯಿಂಟರ್‌ಗಳ ಕಾಸ್ಟಿಂಗ್ ಅನ್ನು (ಒಂದು ಬಗೆಯ ಪಾಯಿಂಟರನ್ನು ಇನ್ನೊಂದು ಬಗೆಯದಾಗಿಸುವುದು) ಡಬ್ಲ್ಯುಪಿಯ ಸಾಮಾನ್ಯ ಮೆಮೊರಿ ಮಾದರಿ ಸಹಿಸುವುದಿಲ್ಲವಾದ್ದರಿಂದ, ಬೈಟುಗಳನ್ನು ಸಂಖ್ಯೆಗಳಾಗಿಸುವ ಕೆಲಸವನ್ನೆಲ್ಲ ಒಂದೇ ಫೈಲಿಗೆ ತಂದು, ಅಲ್ಲಿಯೂ ಕಾಸ್ಟ್ ಬಿಟ್ಟು ಬಿಟ್‌ಗಳನ್ನು ಸರಿಸುವ ಶಿಫ್ಟ್ ಬಳಸಿದ್ದೇನೆ.

ಉಳಿದದ್ದು ಒಡಲಿಲ್ಲದ ಫಂಕ್ಷನ್‌ಗಳು. ಹಾರ್ಡ್‌ವೇರನ್ನು ಮುಟ್ಟುವ ಇವುಗಳ ಕರಾರನ್ನು ಯಾರೂ ಸಾಧಿಸುವುದಿಲ್ಲ, ಬರೆದದ್ದೇ ಸತ್ಯವಾಗುತ್ತದೆ. ಕರಾರೂ ಇಲ್ಲದಿದ್ದರೆ ಫ್ರಾಮಾ-ಸಿ ತಾನೇ ಒಂದನ್ನು ಊಹಿಸಿ ಎಚ್ಚರಿಕೆಯನ್ನಷ್ಟೇ ಕೊಡುತ್ತದೆ, ಹಾಗಾಗಿ ಆ ಎಚ್ಚರಿಕೆ ಬಂದರೆ ಬಿಲ್ಡ್ ನಿಲ್ಲುವಂತೆ ಮಾಡಿದ್ದೇನೆ. ನಂಬಿಕೆಯ ಮೇಲೆ ನಿಂತ ಕರಾರುಗಳೆಲ್ಲ ಒಂದೇ ಹೆಡರ್‌ನಲ್ಲಿವೆ, ಪ್ರತಿಯೊಂದರ ಪಕ್ಕದಲ್ಲಿ ಅದನ್ನು ಹಾರ್ಡ್‌ವೇರ್ ಕೈಪಿಡಿಯ ಯಾವ ಪುಟದೊಡನೆ ಹೋಲಿಸಿ ನೋಡಿದೆವು ಎಂಬ ಟಿಪ್ಪಣಿಯಿದೆ. ಈಗ ಅಲ್ಲಿ ಒಂಬತ್ತು ಫಂಕ್ಷನ್‌ಗಳಿವೆ. ಅವುಗಳಲ್ಲಿ ಇಂಟರಪ್ಟನ್ನು (ನಡೆಯುತ್ತಿರುವ ಕೋಡನ್ನು ನಡುವೆ ನಿಲ್ಲಿಸುವ ಹಾರ್ಡ್‌ವೇರ್ ಸಂಕೇತ) ತಡೆದು ಮತ್ತೆ ಬಿಡುವ ಎರಡು ನನ್ನನ್ನು ಇನ್ನೂ ಕಾಡುತ್ತಿವೆ, ಏಕೆಂದರೆ ಡಬ್ಲ್ಯುಪಿ ಕೋಡ್ ಒಂದಾದ ಮೇಲೊಂದರಂತೆ ನಡೆಯುತ್ತದೆಂದೇ ಎಣಿಸುತ್ತದೆ. ಸಾಲನ್ನು ಮುಟ್ಟುವ ಪ್ರತಿ ಜಾಗವೂ ಆ ಎರಡರ ನಡುವೆಯೇ ಇದೆಯೇ ಎಂಬುದನ್ನು ಸದ್ಯಕ್ಕೆ ಕಣ್ಣಿನಿಂದಲೇ ಪರೀಕ್ಷಿಸುತ್ತಿದ್ದೇನೆ.