ತೂತು ಬಿದ್ದ ಗಿಡದ ಮುಂದೆಯೇ ಕೂರುತ್ತಿದ್ದೆ

ತರಕಾರಿ ಬೆಳೆಗಳ ಕೀಟ ನಿರ್ವಹಣೆಯ ಯೋಜನೆಯೊಂದಕ್ಕೆ ಕ್ಷೇತ್ರ ಸಹಾಯಕನಾಗಿ ಸೇರಿದ ಮೊದಲ ವರ್ಷವೇ, ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಆನಗೋಡು ಸುತ್ತಿನ ನಾಲ್ವರು ರೈತರ ಹೊಲಗಳಲ್ಲಿ ಎಲೆಕೋಸಿನ ಪ್ರಯೋಗವನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತು. ಸುತ್ತಲೆಲ್ಲ ಮೆಕ್ಕೆಜೋಳದ ಸೀಮೆ. ಕೊಳವೆಬಾವಿಯಲ್ಲಿ ನೀರು ಉಳಿದವರು ಮಾತ್ರ ಅರ್ಧ ಎಕರೆಯೋ ಒಂದು ಎಕರೆಯೋ ಕೋಸು ನಾಟಿ ಮಾಡುತ್ತಿದ್ದರು.

ಕೋಸು ಬೆಳೆದವರಿಗೆ ವಜ್ರಬೆನ್ನಿನ ಪತಂಗವನ್ನು ಪರಿಚಯಿಸಬೇಕಾಗಿಲ್ಲ. ರೆಕ್ಕೆ ಮಡಚಿ ಕುಳಿತಾಗ ಬೆನ್ನಿನ ಮೇಲೆ ವಜ್ರದಾಕಾರದ ಮಚ್ಚೆಗಳು ಕಾಣುವ, ಒಂದು ಸೆಂಟಿಮೀಟರ್ ಉದ್ದವೂ ಇಲ್ಲದ ಈ ಕೀಟದ ಮರಿಹುಳು, ಎಲೆಯ ಮೇಲ್ಪೊರೆಯನ್ನು ಗಾಜಿನಂತೆ ಉಳಿಸಿ ಕೆಳಗಿನಿಂದ ಕೆರೆದು ತಿನ್ನುತ್ತದೆ; ಮುಟ್ಟಿದರೆ ಮಿಡುಕಾಡುತ್ತ ಎಳೆಯೊಂದನ್ನು ಬಿಟ್ಟುಕೊಂಡು ಕೆಳಗೆ ಜೋತುಬೀಳುತ್ತದೆ. ಔಷಧಿಗಳನ್ನು ಜೀರ್ಣಿಸಿಕೊಳ್ಳುವುದರಲ್ಲಿ ಇದರ ಚರಿತ್ರೆ ದೊಡ್ಡದು. ಡಿಡಿಟಿಗೆ ಇದು ಬಗ್ಗುತ್ತಿಲ್ಲವೆಂಬ ವರದಿ 1953ರಲ್ಲೇ ಜಾವಾದಿಂದ ಬಂದಿತ್ತು, ಬಿ.ಟಿ. ಬ್ಯಾಕ್ಟೀರಿಯಾದ ಸಿಂಪಡಣೆಗೂ ಹೊಲದಲ್ಲಿ ನಿರೋಧ ಬೆಳೆಸಿಕೊಂಡಿದೆಯೆಂದು 1990ರಲ್ಲಿ ಹವಾಯಿಯಿಂದ ವರದಿಯಾಯಿತು. ಹೀಗಾಗಿ ಟ್ಯಾಂಕಿನ ಮೇಲೆ ಟ್ಯಾಂಕು ಔಷಧಿ ಹೊಡೆಯುವುದಕ್ಕೆ ಬದಲಾಗಿ ಸಾಸಿವೆಯನ್ನು ಬಲೆಯಾಗಿ ಬಳಸುವ ಕ್ರಮವನ್ನು ನಾವು ಪರೀಕ್ಷಿಸುತ್ತಿದ್ದೆವು.

ಈ ಕ್ರಮ ನಮ್ಮದಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಹಳ ಹಿಂದೆಯೇ ಶಿಫಾರಸು ಮಾಡಿದ್ದು. ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ ಇರಬೇಕು. ಅದರಲ್ಲಿ ಒಂದು ಸಾಲನ್ನು ಕೋಸು ನಾಟಿ ಮಾಡುವ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತಬೇಕು. ಮೊದಲ ಸಾಲು ಬಲಿತು ಒಣಗುವ ಹೊತ್ತಿಗೆ ಎರಡನೆಯದು ಎಳೆಯದಾಗಿ ನಿಂತಿರುತ್ತದೆ. ಸಾಸಿವೆಯ ಘಾಟಿಗೆ ಕಾರಣವಾದ ಗಂಧಕಯುಕ್ತ ಸಂಯುಕ್ತಗಳೇ ಪತಂಗವನ್ನು ಮೊಟ್ಟೆಯಿಡಲು ಕರೆಯುತ್ತವೆ. ಹಳೆಯ ಕರಪತ್ರಗಳಲ್ಲಿ ಆ ಸಾಸಿವೆಗೆ ಡೈಕ್ಲೋರ್‌ವಾಸ್ ಹೊಡೆಯಲು ಹೇಳಿರುತ್ತದೆ. 2020ರ ಕೊನೆಯಿಂದ ಆ ಔಷಧಿಗೆ ನಮ್ಮ ದೇಶದಲ್ಲಿ ನಿಷೇಧವಿರುವುದರಿಂದ ನಾವು ಶೇ. 4ರ ಬೇವಿನ ಬೀಜದ ಕಷಾಯವನ್ನು ಬಳಸಿದೆವು. ಕರಪತ್ರ ಹಂಚುವವರು ಇದನ್ನು ಗಮನಿಸಿದರೆ ಒಳ್ಳೆಯದು.

ಪ್ರತಿ ಹೊಲದಲ್ಲಿಯೂ ಸಾಸಿವೆ ಇರುವ ಒಂದು ತಾಕು, ಇಲ್ಲದ ಒಂದು ತಾಕು, ನಡುವೆ ಅಗಲವಾದ ಮೆಕ್ಕೆಜೋಳದ ಪಟ್ಟಿ. ಯಾವ ತಾಕಿಗೆ ಸಾಸಿವೆ ಹಾಕಬೇಕೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದೆವು. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಆರ್. ಎ. ಫಿಶರ್ ಪ್ರತಿಪಾದಿಸಿದ ಈ ಪದ್ಧತಿಯನ್ನು ಕಾಲೇಜಿನಲ್ಲಿ ಓದಿದ್ದ ನಾನು, ರೈತರ ಎದುರಿಗೆ ಟೋಪಿಯೊಳಗೆ ಚೀಟಿ ಹಾಕಿ ಎತ್ತಿಸಿದ್ದಕ್ಕೆ ಸ್ವಲ್ಪ ಹೆಮ್ಮೆಯನ್ನೂ ಪಟ್ಟಿದ್ದೆ.

ವಾರಕ್ಕೊಮ್ಮೆ ಪ್ರತಿ ತಾಕಿನಲ್ಲಿ ಹತ್ತು ಗಿಡಗಳ ಹುಳು ಎಣಿಸುವುದು ನನ್ನ ಕೆಲಸವಾಗಿತ್ತು. ಐದು ವಾರದ ಅಂಕಿಗಳನ್ನು ಕೂಡಿಸಿ ನೋಡಿದಾಗ ಎರಡು ಬಗೆಯ ತಾಕುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಬಯಲುಸೀಮೆಯ ಬಿಸಿಲಿಗೆ ಸಾಸಿವೆ ಬೇಗ ಬಲಿತಿತೇನೋ ಎಂಬ ವಿವರಣೆಯನ್ನೂ ನಾನು ಸಿದ್ಧಮಾಡಿಕೊಂಡಿದ್ದೆ. ಆರನೆಯ ವಾರ, ಕಳೆ ಕೀಳಲು ಬಂದಿದ್ದ ಅಕ್ಕನೊಬ್ಬರು ನನ್ನನ್ನು ಬಹಳ ಹೊತ್ತು ನೋಡಿ, "ಸರ, ನೀವು ತೂತು ಬಿದ್ದಿರೋ ಗಿಡದ ಮುಂದೇ ಕುಂದ್ರುತೀರಲ್ಲ, ಚಂದ ಇರೋ ಗಿಡದಾಗೆ ಹುಳ ಇರಂಗಿಲ್ಲೇನ್ರಿ?" ಎಂದು ಕೇಳಿದರು.

ಆ ಪ್ರಶ್ನೆಗೆ ಕೂಡಲೇ ಉತ್ತರ ಕೊಡಲು ನನಗಾಗಲಿಲ್ಲ. ಎಲ್ಲ ತಾಕುಗಳಲ್ಲಿಯೂ ಅದೇ ರೀತಿ ಆರಿಸಿದ್ದರೆ ವ್ಯತ್ಯಾಸ ಹಾಗೆಯೇ ಉಳಿಯಬೇಕಲ್ಲವೇ ಎಂದು ಮೊದಲು ನನ್ನನ್ನೇ ಸಮಾಧಾನಪಡಿಸಿಕೊಂಡೆ. ಸಂಜೆ ಯೋಜನೆಯ ಹಿರಿಯ ಕೀಟಶಾಸ್ತ್ರಜ್ಞೆಯವರಿಗೆ ವಿಷಯ ತಿಳಿಸಿದಾಗ, ಅವರು ನನ್ನ ನೋಟ್‌ಪುಸ್ತಕದ ಹಿಂಬದಿಯಲ್ಲಿ ಗೆರೆ ಎಳೆದು ತಪ್ಪನ್ನು ಬಿಡಿಸಿ ತೋರಿಸಿದರು. ಸಾಸಿವೆ ಇಲ್ಲದ ತಾಕಿನಲ್ಲಿ ಬಹುತೇಕ ಎಲ್ಲ ಗಿಡಗಳಿಗೂ ಹುಳು ಬಿದ್ದಿರುವುದರಿಂದ ಅಲ್ಲಿ ನಾನು ಎಲ್ಲಿ ಕುಳಿತರೂ ನಡೆಯುತ್ತದೆ. ಸಾಸಿವೆ ಇರುವ ತಾಕಿನಲ್ಲಿ ಕೆಟ್ಟ ಗಿಡಗಳು ಅಲ್ಲೊಂದು ಇಲ್ಲೊಂದು; ಅವು ಸಿಗುವವರೆಗೂ ನಾನು ನಡೆದು, ಸಿಕ್ಕಮೇಲೆ ಅದರ ಮುಂದೆ ಕೂತಿರುತ್ತೇನೆ. ಅಂದರೆ ಸಾಸಿವೆ ಯಾವ ತಾಕಿಗೆ ಲಾಭ ತಂದಿತ್ತೋ ಆ ತಾಕಿನ ಅಂಕಿಯನ್ನು ಮಾತ್ರ ನಾನೇ ಏರಿಸಿ, ಲಾಭವನ್ನು ಅಳಿಸಿಹಾಕಿದ್ದೆ. ಸೊನ್ನೆ ಬರೆಯುವುದೆಂದರೆ ಕೆಲಸ ಮಾಡದಂತೆ ಎಂಬ ಭಾವನೆ ಆಗ ನನ್ನಲ್ಲಿ ಇದ್ದುದಂತೂ ನಿಜ.

ಇನ್ನೂ ಒಂದು ವಿಷಯವಿತ್ತು. ತೂತು ಹಳೆಯದಾಗಿರಬಹುದು, ಅದನ್ನು ಕೊರೆದ ಹುಳು ಅಷ್ಟರಲ್ಲಿ ಕೋಶ ಕಟ್ಟಿಯೋ ಹಾರಿಯೋ ಹೋಗಿರುತ್ತದೆ. ಮೊಟ್ಟೆಯಿಂದ ಆಗತಾನೇ ಹೊರಬಂದ ಮರಿಯಾದರೋ ಎಲೆಯೊಳಗೆ ಸುರಂಗ ಕೊರೆದುಕೊಂಡಿರುವುದರಿಂದ, ಆ ಗಿಡ ದೂರದಿಂದ ನೋಡಲು ಆರೋಗ್ಯವಾಗಿಯೇ ಇರುತ್ತದೆ. ಅಕ್ಕನ ಪ್ರಶ್ನೆಗೆ ಉತ್ತರ ಇದೇ ಆಗಿತ್ತು.

ಮರುವಾರದಿಂದ ಎರಡು ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಂಡೆವು: ಒಂದರಲ್ಲಿ ಸಾಲಿನ ಸಂಖ್ಯೆಗಳು, ಇನ್ನೊಂದರಲ್ಲಿ ಗಿಡದ ಸಂಖ್ಯೆಗಳು, ಅಂಚಿನ ಸಾಲುಗಳ ಚೀಟಿಯನ್ನು ಹಾಕಲೇ ಇಲ್ಲ. ಹೊಲಕ್ಕೆ ಕಾಲಿಡುವ ಮೊದಲೇ, ಬದುವಿನ ಮೇಲೆ ಕೂತು ಹತ್ತು ಜೋಡಿ ಎತ್ತಿ ಬರೆದುಕೊಂಡು, ಬಂದ ಗಿಡ ಹೇಗೇ ಇರಲಿ ಅದರ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದೆ. ಮೊದಮೊದಲು ಇದಕ್ಕೆ ಇಮ್ಮಡಿ ಹೊತ್ತು ಹಿಡಿಯುತ್ತಿತ್ತು. ಸೊನ್ನೆಗಳು ಸಾಲುಸಾಲಾಗಿ ಬಂದಾಗ ಪಕ್ಕದ ತೂತುಬಿದ್ದ ಗಿಡದ ಕಡೆಗೆ ಕೈ ತಾನಾಗಿಯೇ ಹೋಗುತ್ತಿತ್ತು. ಕೆಲವೇ ವಾರಗಳಲ್ಲಿ ಎರಡು ಬಗೆಯ ತಾಕುಗಳ ಅಂಕಿಗಳು ಬೇರೆಬೇರೆಯಾಗಿ ನಿಂತವು.

ಮೊದಲ ಐದು ವಾರಗಳ ಹಾಳೆಗಳನ್ನು ಹರಿದುಹಾಕಲು ಹೊರಟಿದ್ದ ನನ್ನನ್ನು ಮೇಡಂ ತಡೆದರು. ಅವುಗಳ ಮೇಲೆ ಅಡ್ಡಗೆರೆ ಎಳೆದು, ದಿನಾಂಕ ಹಾಕಿ, ಗಿಡಗಳನ್ನು ಕಣ್ಣಳತೆಯಲ್ಲಿ ಆರಿಸಲಾಗಿತ್ತೆಂದು ನನ್ನ ಕೈಯಿಂದಲೇ ಬರೆಸಿ ಸಹಿ ಮಾಡಿಸಿದರು. ವಾರ್ಷಿಕ ವರದಿಯ ಕೋಷ್ಟಕ ಏಳನೆಯ ವಾರದಿಂದ ಶುರುವಾಗುತ್ತದೆ. ಅದಕ್ಕೆ ಕಾರಣವನ್ನು ಕೋಷ್ಟಕದ ಕೆಳಗೆ ಎರಡು ಸಾಲಿನಲ್ಲಿ ಅಚ್ಚು ಹಾಕಿಸಿದ್ದೇವೆ.