ಭರಣಿ ಬಣ್ಣದ ಕಪ್‌ಗಳು

ನನ್ನ ಉಣ್ಣೆ ಕೋಟು ಬೇರೆ ಯಾರೋ ಹಾಕಿ ಬಿಟ್ಟಿದ್ದು ಅನ್ನೋದನ್ನ ಅಮ್ಮನಿಂದ ಮೂರು ವರ್ಷ ಮುಚ್ಚಿಟ್ಟಿದ್ದೆ. ಫಿನ್ಲೆಂಡಿನ ಹೆಲ್ಸಿಂಕಿಗೆ ಬಂದ ಮೊದಲ ಚಳಿಗಾಲದಲ್ಲಿ ಹೊಸ ಕೋಟುಗಳ ಬೆಲೆ ನೋಡಿ ಎದೆ ಧಸಕ್ಕೆಂದು, ಕಲ್ಲಿಯೋ ಬಡಾವಣೆಯ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ 25 ಯೂರೋಗೆ ಕೊಂಡಿದ್ದು ಅದು. ವಿಡಿಯೋ ಕಾಲಿನಲ್ಲಿ ಅಮ್ಮ ಕೇಳಿದಾಗ "ಆಫರಲ್ಲಿ ಸಿಕ್ತು" ಅಂದುಬಿಟ್ಟಿದ್ದೆ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಅಕ್ಕನ ಲಂಗ ತಂಗಿಗೆ ಬರೋದು, ಅತ್ತೆಯ ಸೀರೆ ಸೊಸೆಗೆ ಬರೋದು ಮಾಮೂಲು. ಗುರುತಿಲ್ಲದವರ ಬಟ್ಟೆಯ ವಿಷಯ ಬೇರೆ. ಹಳೇ ಬಟ್ಟೆ ಇರೋದು ಸ್ಟೀಲ್ ಪಾತ್ರೆಯವಳಿಗೆ ಹಾಕೋದಕ್ಕೆ, ತಂದು ಹಾಕಿಕೊಳ್ಳೋದಕ್ಕಲ್ಲ.

ಕಳೆದ ಜುಲೈನಲ್ಲಿ ಅಮ್ಮ ಬಂದಳು. ಸಮುದ್ರ, ಚರ್ಚು, ಕೋಟೆ ಎಲ್ಲ ನೋಡಿ ಮುಗಿದ ಮೇಲೆ ಒಂದು ಶನಿವಾರ 6ನೇ ನಂಬರಿನ ಟ್ರಾಮ್ ಹತ್ತಿಸಿ ಹಿಯೆತಲಹ್ತಿಯ ಸಂತೆಗೆ ಕರೆದುಕೊಂಡು ಹೋದೆ. 1903ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಮಾರ್ಕೆಟ್ಟು, ಅದರ ಮುಂದೆ ಕಲ್ಲು ಹಾಸಿದ ಬಯಲು. ಬೇಸಿಗೆ ಬಂತೆಂದರೆ ಅಲ್ಲಿ ಸಾಲಾಗಿ ಮೇಜು ಹಾಕಿಕೊಂಡು ಜನ ತಮ್ಮ ಮನೆಯ ಹಳೇ ಸಾಮಾನು ಮಾರುತ್ತಾರೆ. ಇದಕ್ಕೆ ಕಿರ್ಪ್ಪುತೋರಿ ಅನ್ನುತ್ತಾರೆ, ಚಿಗಟದ ಸಂತೆ ಅಂತ ಅರ್ಥ ಎಂದು ನನ್ನ ಅರ್ಧಂಬರ್ಧ ಫಿನ್ನಿಶ್ ಪಾಂಡಿತ್ಯ ತೋರಿಸಲು ಹೋದೆ.

"ಹೆಸರಲ್ಲೇ ಚಿಗಟ ಇದ್ಯಲ್ಲೇ ಮಾರಾಯ್ತಿ! ಅದನ್ನ ಮನೆಗೆ ಬೇರೆ ತರ್ತೀಯಾ?"

ಅಷ್ಟು ಹೇಳಿ ಮುಂದೆ ನಡೆದವಳು ನೇತುಹಾಕಿದ್ದ ಕೋಟುಗಳ ಮುಂದೆ ನಿಂತಳು. ಒಂದರ ತೋಳು ಹಿಡಿದು, ಒಳಗಿನ ಅಸ್ತರು ತಿರುವಿ ನೋಡಿ, ನನ್ನ ಕಡೆ ತಿರುಗಿ, "ಇದು ನಿನ್ನ ಕೋಟಿನ ಥರಾನೇ ಇದೆ ಅಲ್ಲನೇ?" ಅಂದಳು. ನಾನು ಮಾತಾಡಲಿಲ್ಲ. "ಹ್ಞೂಂ, ಆಫರು," ಅಂದು ಅವಳೇ ಮುಂದೆ ಹೋದಳು. ಮೂರು ವರ್ಷದ ಗುಟ್ಟು ಅಷ್ಟಕ್ಕೇ ಮುಗಿಯಿತು.

ಈ ಊರಿನವರಿಗೆ ಹಳೇದು ಕೊಳ್ಳುವುದರಲ್ಲಿ ಸಂಕೋಚವೇ ಇಲ್ಲ. ಒಂದೊಂದು ಕಪಾಟನ್ನು ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಡಿಗಳೇ ಇವೆ. ನಿಮ್ಮ ಸಾಮಾನಿಗೆ ಬೆಲೆಚೀಟಿ ಅಂಟಿಸಿ ಇಟ್ಟು ಮನೆಗೆ ಹೋಗಿಬಿಡಬಹುದು, ದುಡ್ಡನ್ನು ಅಂಗಡಿಯವರು ಪಡೆದು ನಿಮಗೆ ಕೊಡುತ್ತಾರೆ. ಮಾರುವವನೇ ಇಲ್ಲದ ಮೇಲೆ ಚೌಕಾಸಿ ಯಾರ ಹತ್ತಿರ ಮಾಡೋದು? ಅಂಥ ಅಂಗಡಿ ಅಮ್ಮನಿಗೆ ಸೇರಲಿಲ್ಲ. ಸಂತೆ ಸೇರಿತು.

ನಾನು ಹುಡುಕುತ್ತಿದ್ದುದು ರುಸ್ಕಾ ಕಪ್‌ಗಳನ್ನ. ಉಲ್ಲಾ ಪ್ರೊಕೊಪೆ ಎಂಬ ವಿನ್ಯಾಸಕಿ 1960ರ ದಶಕದ ಆರಂಭದಲ್ಲಿ ಅರೇಬಿಯಾ ಎಂಬ ಪಿಂಗಾಣಿ ಕಾರ್ಖಾನೆಗೆ ಮಾಡಿಕೊಟ್ಟ ಸಾಮಾನು. ದಶಕಗಟ್ಟಲೆ ತಯಾರಾಗಿ ನಿಂತುಹೋದದ್ದು, ಹಾಗಾಗಿ ಈಗ ಸಿಗುವುದು ಇಂಥ ಕಡೆಯೇ. ಶರತ್ಕಾಲದಲ್ಲಿ ಎಲೆಗಳು ಬಣ್ಣ ತಿರುಗುತ್ತವಲ್ಲ, ಅದಕ್ಕೆ ಫಿನ್ನಿಶ್‌ನಲ್ಲಿ ರುಸ್ಕಾ ಅನ್ನುತ್ತಾರೆ. ಕಪ್‌ಗಳನ್ನು ಸುಡುವ ಗೂಡಿನ ಶಾಖ ಹೆಚ್ಚುಕಮ್ಮಿಯಾದ ಹಾಗೆ ಒಂದೊಂದರ ಕಂದು ಒಂದೊಂದು ಥರ. ಒಂದು ಮೇಜಿನ ಮೇಲೆ ನಾಲ್ಕು ಜೊತೆ ಕಪ್-ಸಾಸರು ಸಿಕ್ಕೇಬಿಟ್ಟವು. ಸಡಗರದಲ್ಲಿ ತಿರುಗಿಸಿ ತಳ ನೋಡಿದೆ. ಅರೇಬಿಯಾ ಮುದ್ರೆ ಇತ್ತು. ಈ ಮುದ್ರೆ ಕಾಲಕಾಲಕ್ಕೆ ಬದಲಾಗಿರುವುದರಿಂದ, ಬಲ್ಲವರು ಅದನ್ನು ನೋಡಿಯೇ ಕಪ್ಪಿನ ವಯಸ್ಸು ಹೇಳುತ್ತಾರೆ.

"ಎಂಥದೇ ಇದು, ಮಿಡಿ ಉಪ್ಪಿನಕಾಯಿ ಭರಣಿ ಬಣ್ಣ," ಅಂದಳು ಅಮ್ಮ. ಹೌದಲ್ಲ! ನಮ್ಮ ಅಡುಗೆಮನೆಯ ಮೂಲೆಯಲ್ಲಿ ಬಾಯಿಗೆ ಬಟ್ಟೆ ಬಿಗಿಸಿಕೊಂಡು ಕೂತ ಭರಣಿಯ ಮೈ ಅದೇ ಕಂದು. ಇಷ್ಟು ದಿನ ಇದನ್ನೇ ನಾನು ನಾರ್ಡಿಕ್ ವಿನ್ಯಾಸ ಅಂತ ಎಲ್ಲರ ಮುಂದೆ ಹೊಗಳಿಕೊಂಡು ಓಡಾಡಿದ್ದೆ.

ದುಡ್ಡು ಕೊಡಲು ಫೋನ್ ತೆಗೆದಿದ್ದೆ. "ತಡಿ," ಅಂದು ಅಮ್ಮ ಒಂದು ಕಪ್ಪನ್ನು ಹಿಡಿಯಲ್ಲಿ ಒಂದೇ ಬೆರಳು ತೂರಿಸಿ ತೂಗುಬಿಟ್ಟಳು. ಕಿವಿಯ ಹತ್ತಿರ ತಂದು ಬೆರಳಿನ ಗೆಣ್ಣಿನಿಂದ ಬಡಿದಳು. ಟಣ್. ಎರಡನೆಯದೂ ಟಣ್. ಮೂರನೆಯದು ಟೊಕ್ ಅಂದಿತು. ಮತ್ತೊಮ್ಮೆ ಬಡಿದಳು, ಮತ್ತೆ ಟೊಕ್. ಬೆಳಕಿಗೆ ಹಿಡಿದು ಉಗುರಿನಲ್ಲಿ ಮೆಲ್ಲಗೆ ಸವರಿ ತೋರಿಸಿದಳು: ಹಿಡಿ ಕೂಡುವ ಕಡೆ, ಕೂದಲೆಳೆಯಷ್ಟು ಬಿರುಕು. ಮುದ್ರೆ ನೋಡುವ ಆತುರದಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಸಂತೇಲಿ ಮಡಿಕೆ ತಗಳದಾದ್ರೂ ಹೀಗೇ. ಬಿರುಕು ಬಿಟ್ಟ ಭರಣೀಲಿ ಮಿಡಿ ಹಾಕಿದ್ರೆ ಉಪ್ಪುನೀರು ಸೋರಿ ಎಲ್ಲ ಬೂಸ್ಟು."

ಮೇಜಿನ ಆಚೆ ಕೂತಿದ್ದ ಅಜ್ಜನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಅಮ್ಮನಿಗೆ ಫಿನ್ನಿಶ್ ಬಾರದು. ಅವನು ಆ ಕಪ್ಪನ್ನು ಇಸಿದುಕೊಂಡು ತಾನೂ ಬಡಿದು ನೋಡಿದ. ನಕ್ಕು ಮೇಜಿನ ಕೆಳಗಿಟ್ಟ. ಆಮೇಲೆ ಉಳಿದ ತಟ್ಟೆ ಬಟ್ಟಲುಗಳನ್ನೆಲ್ಲ ಒಂದೊಂದಾಗಿ ಬಡಿಯುತ್ತ, ಅಮ್ಮನ ಮುಖ ನೋಡುತ್ತ ಕೂತ. ಇವಳು ಗಂಭೀರವಾಗಿ ತಲೆ ಆಡಿಸುತ್ತಿದ್ದಳು. ಮೂರು ಜೊತೆಗೆ 18 ಯೂರೋ ಹೇಳಿದ. ಅಮ್ಮ ಮೂರು ಬೆರಳು ಮಡಚಿ 15 ಅಂತ ಕೈಸನ್ನೆ ಮಾಡಿದಳು. ಕೊಟ್ಟ.

"ಮೂರೇ ಆಯ್ತಲ್ಲ, ಸೆಟ್ಟು ಅಂದ್ರೆ ಆರು ಬ್ಯಾಡ್ವಾ?" ಅಂತ ದಾರಿಯುದ್ದಕ್ಕೂ ಅವಳ ಕೊರಗು. ಊರಿನ ಮನೆಯ ಶೋಕೇಸಿನಲ್ಲಿ ಅವಳ ಮದುವೆಗೆ ಬಂದ ಟೀ ಸೆಟ್ಟು ಇನ್ನೂ ಇದೆ. ಒಂದು ಕಪ್ ಒಡೆದರೆ ಸೆಟ್ಟು ಹಾಳಾಗುತ್ತದೆಂದು ಅದರಲ್ಲಿ ಯಾರೂ ಟೀ ಕುಡಿದಿಲ್ಲ. ಕಾಯ್ ಫ್ರಾಂಕ್ ಎಂಬ ಫಿನ್ನಿಶ್ ವಿನ್ಯಾಸಕರು ಇದೇ ಸೆಟ್ಟಿನ ಹುಚ್ಚು ಬಿಡಿಸಲು ಹೊರಟಿದ್ದರು. 1953ರಲ್ಲಿ ಅರೇಬಿಯಾ ಹೊರತಂದ ಅವರ ಕಿಲ್ತಾ ತಟ್ಟೆ ಬಟ್ಟಲುಗಳನ್ನು ಬೇಕಾದಷ್ಟೇ, ಬೇಕಾದ ಬಣ್ಣದಲ್ಲಿ ಬಿಡಿಬಿಡಿಯಾಗಿ ಕೊಳ್ಳಬಹುದಿತ್ತು. ಅಮ್ಮನಿಗೆ ಇದನ್ನು ಹೇಳಿದೆ. ಆರು ಇದ್ದಿದ್ದರೆ ಚೆನ್ನಾಗಿತ್ತು ಅಂದಳು.

6ನೇ ನಂಬರಿನ ಟ್ರಾಮಿನ ಒಂದು ತುದಿಯೇ ಅರೇಬಿಯಾ. "ಅರೇಬಿಯಾಕ್ಕೆ ಟ್ರಾಮಾ?" ಎಂದು ಅಮ್ಮ ಬೋರ್ಡು ನೋಡಿ ಬೆರಗಾದಳು. ಬಡಾವಣೆಯ ಹೆಸರು ಅದು, ಕಾರ್ಖಾನೆಗೂ ಅದೇ ಹೆಸರು ಬಂತು. ಮನೆಗೆ ಹೋಗುವ ಬದಲು ಕೊನೆಯ ಸ್ಟಾಪಿನವರೆಗೂ ಹೋಗಿ ನೋಡಿದೆವು. 1873ರಲ್ಲಿ ಶುರುವಾದ ಕಾರ್ಖಾನೆಯ ದೊಡ್ಡ ಕಟ್ಟಡ ನಿಂತಿದೆ, ಆದರೆ 2016ರಲ್ಲಿ ಇಲ್ಲಿನ ತಯಾರಿಕೆ ನಿಂತು ಕೆಲಸ ಬೇರೆ ದೇಶಗಳಿಗೆ ಹೋಯಿತು. ಅಲ್ಲಿನ ಅಂಗಡಿಯಲ್ಲಿ ಹೊಳೆಯುವ ಹೊಸ ಕಪ್ಪೊಂದನ್ನು ಅಮ್ಮ ತಿರುಗಿಸಿ ತಳ ನೋಡಿದಳು, ಬೆಲೆ ನೋಡಿದಳು, ಬಡಿಯದೆಯೇ ವಾಪಸು ಇಟ್ಟಳು.

ಮನೆಗೆ ಬಂದ ಮೇಲೆ ಮೂರೂ ಕಪ್ಪಿಗೆ ಮೂರು ಸಲ ಕುದಿಯುವ ನೀರಿನ ಸ್ನಾನವಾಯಿತು. ಯಾರ ಎಂಜಲೋ ಏನೋ. ಊರಿಂದ ತಂದ ಪುಡಿಯಲ್ಲಿ ಡಿಕಾಕ್ಷನ್ ಇಳಿಸಿದಳು. ಇಲ್ಲಿಯವರು ದಿನವಿಡೀ ಕಾಫಿ ಕುಡಿದರೂ ಅದು ಕಾಫಿ ಅಲ್ಲ, ಕಾಫಿ ಪಾತ್ರೆ ತೊಳೆದ ನೀರು ಅಂತ ಅವಳ ತೀರ್ಮಾನ. ನನಗೆ ರುಸ್ಕಾ ಕಪ್ಪಿನಲ್ಲಿ ಕೊಟ್ಟು, ತನಗೆ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡಳು.

ನಾಲ್ಕನೇ ದಿನ ಬೆಳಿಗ್ಗೆ ಎದ್ದು ಬಂದಾಗ ಸ್ಟೀಲ್ ಲೋಟ ಬೋರಲು ಬಿದ್ದಿತ್ತು. ಅಮ್ಮ ಕಿಟಕಿಯ ಹತ್ತಿರ ಕೂತು ಕಂದು ಕಪ್ಪಿನಲ್ಲಿ ಕಾಫಿ ಕುಡಿಯುತ್ತಿದ್ದಳು. ನಾನು ಏನೂ ಕೇಳಲಿಲ್ಲ. "ಹಿಡಿ ಸ್ವಲ್ಪ ಸಣ್ಣ ಆಯ್ತು," ಅಂದಳು.