ಮದರ್‌ಬೋರ್ಡಿಗೆ ಎಷ್ಟು ಸುರೀಬೇಕು?

ನಮ್ಮ ತುಮಕೂರಲ್ಲಿ ಗೇಮಿಂಗ್ ಪಿಸಿ ಕಟ್ಟಿಸೋ ಹುಡುಗ್ರು ಬಿ.ಎಚ್. ರೋಡಲ್ಲಿ ರೇಟ್ ಕೇಳ್ಕೊಂಡು ಆಮೇಲೆ ರೈಲು ಹತ್ತಿ ಬೆಂಗ್ಳೂರು ಎಸ್.ಪಿ. ರೋಡಿಗೆ ಹೋಗ್ತಾರೆ, ಹೋಗ್ಲಿ ಬಿಡಿ, ಆದ್ರೆ ಬಣ್ಣಬಣ್ಣದ ಲೈಟ್ ನೋಡಿ ಮದರ್‌ಬೋರ್ಡ್ ತಗೋಬೇಡ್ರಪ್ಪ. ಎಫ್‌ಪಿಎಸ್ (ಗೇಮಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಮೂಡತ್ತೆ ಅನ್ನೋದು) ಮುಖ್ಯವಾಗಿ ಕೊಡೋದು ಗ್ರಾಫಿಕ್ಸ್ ಕಾರ್ಡು.

ಎಎಂಡಿ ಕಂಪನಿಯ ರೈಜನ್ 5 5600 ಪ್ರೊಸೆಸರ್‌ಗೆ ಬಿ550 ಚಿಪ್‌ಸೆಟ್ ಇರೋ ಬೋರ್ಡ್ ಧಾರಾಳ ಸಾಕು, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ ಜೋಡಿಸೋ ವೇಗದ ದಾರಿ ಪಿಸಿಐಇ 4.0 ಸಿಗತ್ತೆ, ಪ್ರೊಸೆಸರ್ ಓವರ್‌ಕ್ಲಾಕೂ (ನಿಗದಿಗಿಂತ ಜಾಸ್ತಿ ವೇಗದಲ್ಲಿ ಓಡ್ಸೋದು) ಮಾಡ್ಬೋದು. ಅದಕ್ಕಿಂತ ಕೆಳಗಿನ ದರ್ಜೆಯ ಎ520 ಬೋರ್ಡಲ್ಲಿ ಎರಡೂ ಇಲ್ಲ. ಹಳೇ ಬಿ450 ಅಗ್ಗಕ್ಕೆ ಸಿಕ್ರೆ ಬಯೋಸ್ (ಬೋರ್ಡನ್ನ ಶುರು ಮಾಡೋ ಸಾಫ್ಟ್‌ವೇರ್) ಈ ಪ್ರೊಸೆಸರ್‌ಗೆ ಅಪ್‌ಡೇಟ್ ಆಗಿದ್ಯಾ ಅಂತ ಅಂಗಡೀಲೇ ಕೇಳಿ, ಇಲ್ಲಾಂದ್ರೆ ಮನೇಲಿ ಫ್ಯಾನ್ ಗಿರಗಿರ ತಿರುಗತ್ತೆ, ಸ್ಕ್ರೀನಲ್ಲಿ ಮಾತ್ರ ಏನೂ ಬರಲ್ಲ. ಪ್ರೊಸೆಸರ್ ಕೂರೋ ಸಾಕೆಟ್ ಪಕ್ಕ ಇರೋ ವಿಆರ್‌ಎಂ (ಪ್ರೊಸೆಸರ್‌ಗೆ ಸರಿಯಾದ ವೋಲ್ಟೇಜ್ ಕೊಡೋ ಭಾಗ) ಮೇಲೆ ಬಿಸಿ ಇಳಿಸೋ ಹೀಟ್‌ಸಿಂಕ್ ಇದ್ಯಾ ಅಂತಾನೂ ನೋಡ್ಕೊಳ್ಳಿ. 5600 ಕೂರೋ ಸಾಕೆಟ್ ಆದ್ಮೇಲೆ ಎಎಂಡಿ ತಂದ ಎಎಂ5 ಸಾಕೆಟ್ ಬೋರ್ಡ್ ಅಂದ್ರೆ ಡಿಡಿಆರ್5 ರ‍್ಯಾಮೇ ಬೇಕು, ನಿಮ್ಮತ್ರ ಇರೋ ಡಿಡಿಆರ್4 ಅದ್ರಲ್ಲಿ ಕೂರಲ್ಲ. ಉಳಿದ ದುಡ್ಡು ಒಳ್ಳೇ ಪವರ್ ಸಪ್ಲೈಗೆ ಹಾಕಿ, ನಮ್ಮೂರ ಕರೆಂಟ್ ಗೊತ್ತಲ್ಲ!